ಹಾಲ್‌ನ ಹಳೆ 5.1 ಸೆಟ್‌ಗೆ ಹೊಸ ಸ್ಪೀಕರ್: ಮೊದಲು ಯಾವುದನ್ನು ಬದಲಿಸಲಿ?

ಕುಂಜಿಬೆಟ್ಟು ಹೊಸಬ:

ಎಲ್ಲರಿಗೂ ನಮಸ್ಕಾರ. ಈ ವಿಷಯಕ್ಕೆ ನಾನು ಪೂರ್ತಿ ಹೊಸಬ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮನೆ ಉಡುಪಿಯಲ್ಲಿ, ಟೆರೇಸ್ ಮನೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ, ನೆಲಕ್ಕೆ ಟೈಲ್ಸ್. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬರಿಂದ ಹೋದ ವರ್ಷ ಯಮಹಾದ ಒಂದು 5.1 ರಿಸೀವರ್ (ಶಬ್ದವನ್ನು ಐದು ಸ್ಪೀಕರ್ ಮತ್ತು ಒಂದು ಸಬ್‌ಗೆ ಹಂಚುವ ಆಂಪ್ಲಿಫೈಯರ್) ತೆಗೆದುಕೊಂಡೆ. ಸ್ಪೀಕರ್ ಮಾತ್ರ ನಮ್ಮದೇ ಹಳೆಯವು. ಹತ್ತು ವರ್ಷದ ಹಿಂದೆ ಡಿವಿಡಿ ಪ್ಲೇಯರ್ ಜೊತೆ ಒಂದೇ ಬಾಕ್ಸ್‌ನಲ್ಲಿ ಬಂದಿದ್ದ ಐದು ಸಣ್ಣ ಪ್ಲಾಸ್ಟಿಕ್ ಸ್ಪೀಕರ್. ಅದರ ಸಬ್, ಅಂದರೆ ಬಾಸ್ ಮಾತ್ರ ನುಡಿಸುವ ಪೆಟ್ಟಿಗೆ, ಹಾಳಾಗಿತ್ತು, ಅದರ ಬದಲು ಸೆಕೆಂಡ್ ಹ್ಯಾಂಡ್‌ನಲ್ಲಿ 8 ಇಂಚಿನ ಒಂದು ಪವರ್ಡ್ ಸಬ್ (ಒಳಗೇ ಆಂಪ್ ಇರುವುದು) ಹಾಕಿದ್ದೇನೆ.

ಸಮಸ್ಯೆ ಏನೆಂದರೆ ಮಾತು ಕೇಳುವುದಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಎರಡು ನಿಮಿಷಕ್ಕೊಮ್ಮೆ "ಅವ ಈಗ ಎಂತ ಹೇಳಿದ?" ಅಂತ ಕೇಳುತ್ತಾರೆ. ಸರಿ ಅಂತ ವಾಲ್ಯೂಮ್ ಜಾಸ್ತಿ ಮಾಡಿದರೆ ಅಷ್ಟರಲ್ಲಿ ಫೈಟಿಂಗ್ ಶುರುವಾಗಿ ಶೋಕೇಸಿನ ಗಾಜೆಲ್ಲ ನಡುಗುತ್ತದೆ, ಒಳಗೆ ಮಲಗಿದ್ದ ಅಪ್ಪ ಎದ್ದು ಬಂದು ಆಫ್ ಮಾಡಿ ಹೋಗುತ್ತಾರೆ. ಕೊನೆಗೆ ಅಮ್ಮ "ನೀನೇ ನೋಡು" ಅಂತ ಎದ್ದು ಹೋಗುವುದು ನನಗೆ ನಿಜವಾಗಿ ಬೇಜಾರು. ಅವರ ಜೊತೆ ಕೂತು ನೋಡಲಿಕ್ಕೇ ಅಲ್ವಾ ಇದನ್ನೆಲ್ಲ ತಂದದ್ದು.

ಬಜೆಟ್ 35 ಸಾವಿರ. ಅಂಗಡಿಯಲ್ಲಿ ವಿಚಾರಿಸಿದಾಗ ಮುಂದಿನ ಎರಡಕ್ಕೆ ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್ ಹಾಕಿ, ಉಳಿದದ್ದು ಆಮೇಲೆ ನೋಡುವ ಅಂದರು. ಟವರ್ ತೆಗೆದುಕೊಳ್ಳಬಹುದಾ?

ಕದ್ರಿ ಗುಡ್ಡೆ:

ದುಡ್ಡು ಸದ್ಯಕ್ಕೆ ಕಿಸೆಯಲ್ಲೇ ಇರಲಿ. ಮೊದಲು ನಾಲ್ಕು ವಿಷಯ ನೋಡಿ ಹೇಳಿ.

ಸಿನಿಮಾದಲ್ಲಿ ಮಾತು ಬರುವುದು ಹೆಚ್ಚುಕಮ್ಮಿ ಪೂರ್ತಿ ಸೆಂಟರ್, ಅಂದರೆ ಮುಂದಿನ ನಡುವಿನ ಸ್ಪೀಕರ್‌ನಿಂದ. ಎಡ ಬಲದಲ್ಲಿ ಸಂಗೀತ, ವಾಹನದ ಶಬ್ದ, ಇತರ ಎಫೆಕ್ಟ್. ಹಾಗಾಗಿ ನಿಮ್ಮ ಅಮ್ಮನಿಗೆ ಮಾತು ಕೇಳಬೇಕಾದರೆ ಟವರ್‌ಗಿಂತ ಮೊದಲು ಸೆಂಟರ್ ಕಡೆ ನೋಡಬೇಕು. ಅದು ಈಗ ಎಲ್ಲಿದೆ? ಶೋಕೇಸಿನ ಒಳಗಾ, ಟಿವಿ ಮೇಲಾ?

ಎರಡನೆಯದು, ಐದೂ ಸ್ಪೀಕರ್‌ನ ಕೆಂಪು ಕಪ್ಪು ವಯರ್ ಎರಡೂ ತುದಿಯಲ್ಲಿ ಒಂದೇ ರೀತಿ ಇದೆಯಾ ನೋಡಿ. ಒಂದರಲ್ಲಿ ಉಲ್ಟಾ ಆದರೂ ಶಬ್ದ ಬರುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಆದರೆ ಒಂದರ ಕೋನ್ (ಶಬ್ದ ಹೊರಡಿಸಲು ಕಂಪಿಸುವ ಭಾಗ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ. ಬಾಸ್ ಸತ್ತುಹೋಗುತ್ತದೆ, ಹಾಡುವವರ ದನಿ ನಡುವಿನಲ್ಲಿ ನಿಲ್ಲದೆ ಎಲ್ಲೆಲ್ಲೋ ತೇಲಿದ ಹಾಗೆ ಕೇಳುತ್ತದೆ.

ಮೂರನೆಯದು, ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಪಿಸಿಎಂ ಅಂತ ಇದೆಯಾ, ಬಿಟ್‌ಸ್ಟ್ರೀಮ್ ಅಂತ ಇದೆಯಾ? ಎಆರ್‌ಸಿ (ಟಿವಿಯ ಶಬ್ದ ಎಚ್‌ಡಿಎಂಐ ವಯರ್‌ನಲ್ಲೇ ರಿಸೀವರ್‌ಗೆ ಬರುವ ದಾರಿ) ಮೂಲಕ ಪಿಸಿಎಂ ಹೋದರೆ ಎರಡೇ ಚಾನೆಲ್ ಸಿಗುತ್ತದೆ, 5.1 ಅಲ್ಲ.

ನಾಲ್ಕನೆಯದು, ಆ ಹಳೆ ಸ್ಪೀಕರ್‌ನ ಬೆನ್ನಿಗೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಎಷ್ಟು ಓಮ್ ಅಂತ ಬರೆದಿದೆ?

ಕುಂಜಿಬೆಟ್ಟು ಹೊಸಬ:

ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ.

ಸೆಂಟರ್ ಇರುವುದು ಟಿವಿ ಕೆಳಗಿನ ಶೋಕೇಸಿನ ಒಳಗೆ, ಗಾಜಿನ ಬಾಗಿಲಿನ ಹಿಂದೆ. ಎದುರಲ್ಲಿ ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ ಎರಡು ಸ್ಟೀಲ್ ಕಪ್ ಕೂಡ ಇದೆ. ಎಡದ ಸ್ಪೀಕರ್‌ನ ವಯರ್ ನಿಜವಾಗಿ ಉಲ್ಟಾ ಇತ್ತು! ಟಿವಿಯಲ್ಲಿ ಪಿಸಿಎಂ ಇತ್ತು, ಬದಲಿಸಿದೆ. ಸ್ಟಿಕ್ಕರ್‌ನಲ್ಲಿ 3 ಓಮ್ ಅಂತ ಇದೆ. ರಿಸೀವರ್ ಹಿಂದೆ 6 ಓಮ್‌ಗಿಂತ ಕಡಿಮೆ ಬೇಡ ಅಂತ ಅಚ್ಚಾಗಿದೆ. ಇದರಿಂದ ತೊಂದರೆ ಉಂಟಾ? ಒಂದು ಗಂಟೆ ನೋಡಿದರೆ ರಿಸೀವರ್ ಮೇಲೆ ಕೈ ಇಡ್ಲಿಕ್ಕೆ ಆಗುವುದಿಲ್ಲ, ಅಷ್ಟು ಬಿಸಿ. ಎರಡು ಸಲ ತಾನಾಗಿಯೇ ಆಫ್ ಆಗಿತ್ತು, ಕರೆಂಟ್ ಸಮಸ್ಯೆ ಅಂತ ನಾನು ಅಂದುಕೊಂಡಿದ್ದೆ.

ಸುರತ್ಕಲ್ ಬೀಚ್ ರೋಡ್:

ಅದು ಕರೆಂಟ್ ಸಮಸ್ಯೆ ಅಲ್ಲ, ರಿಸೀವರ್ ತನ್ನನ್ನು ತಾನು ಕಾಪಾಡಿಕೊಂಡದ್ದು. ದಯವಿಟ್ಟು ಆ 3 ಓಮ್ ಸ್ಪೀಕರ್ ಹಾಕಿ ಜೋರಾಗಿ ನುಡಿಸಬೇಡಿ.

ಸಣ್ಣದಾಗಿ ಹೇಳುತ್ತೇನೆ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ತಡೆ ಅರ್ಧ ಆದರೆ ಅದೇ ವಾಲ್ಯೂಮ್‌ಗೆ ಆಂಪ್ಲಿಫೈಯರ್‌ನಿಂದ ಎರಡು ಪಟ್ಟು ಕರೆಂಟ್ ಎಳೆಯುತ್ತದೆ. 6 ಓಮ್‌ಗೆ ಮಾಡಿದ ಯಂತ್ರಕ್ಕೆ 3 ಓಮ್ ಹಾಕಿದ್ದೀರಿ, ಅದಕ್ಕೇ ಬಿಸಿ. ಬಾಕ್ಸ್ ಸೆಟ್‌ನ ಕಂಪನಿಯವರು ಸ್ಪೀಕರ್ ಮತ್ತು ಆಂಪ್ ಎರಡನ್ನೂ ಒಂದಕ್ಕೊಂದು ಹೊಂದುವ ಹಾಗೆ ಮಾಡಿರುತ್ತಾರೆ. ಜೋಡಿ ಬಿಡಿಸಿದರೆ ಕಷ್ಟ. ಆ ಹಳೆ ಡಿವಿಡಿ ಬಾಕ್ಸ್‌ಗೆ ಒಳ್ಳೆಯ 8 ಓಮ್ ಸ್ಪೀಕರ್ ಹಾಕಿದರೂ ಅಂಥ ಪ್ರಯೋಜನ ಇರುತ್ತಿರಲಿಲ್ಲ, ಅದರ ಆಂಪ್‌ಗೆ ಅಷ್ಟು ತಾಕತ್ತೇ ಇಲ್ಲ. ಬಾಕ್ಸ್ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಅಂತ ಸಾವಿರಗಟ್ಟಲೆ ವಾಟ್ ಬರೆದಿದ್ದರೆ ಆ ಸಂಖ್ಯೆಯನ್ನು ನೋಡಲೇಬೇಡಿ. ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಎಷ್ಟು, ಎಷ್ಟು ಓಮ್‌ಗೆ, ಎಷ್ಟು ಚಾನೆಲ್ ಒಟ್ಟಿಗೆ ನುಡಿಸಿದಾಗ ಅಂತ ನೋಡಿ.

ಅಂದರೆ ನಿಮಗೆ ಹೊಸ ಸ್ಪೀಕರ್ ಬೇಕೇ ಬೇಕು. ಯಾವುದು ಎಂಬುದಷ್ಟೇ ಪ್ರಶ್ನೆ. 6 ಅಥವಾ 8 ಓಮ್‌ನದ್ದು ಇರಲಿ.

ಬಿಜೈ ಮ್ಯೂಸಿಕ್:

ನಾನು ಟವರ್ ಪರ. ಐದು ವರ್ಷದಿಂದ ಇಟ್ಟುಕೊಂಡಿದ್ದೇನೆ, ಒಂದು ದಿನವೂ ಬೇಸರ ಆಗಿಲ್ಲ. ಹಾಡು ಕೇಳುವಾಗ ಸಬ್ ಆಫ್ ಮಾಡಿ ಎರಡೇ ಸ್ಪೀಕರ್‌ನಲ್ಲಿ ಕೇಳುವ ಸುಖ ಬೇರೆಯೇ. ಬುಕ್‌ಶೆಲ್ಫ್ ಸ್ಪೀಕರ್ ಸಣ್ಣದು ಅಂತ ತಂದವರು ಆಮೇಲೆ ಅದಕ್ಕೊಂದು ಸ್ಟ್ಯಾಂಡ್ ತರಬೇಕು, ಮನೆಯಲ್ಲಿ ಮಕ್ಕಳಿದ್ದರೆ ಓಡಾಡುವಾಗ ಅದನ್ನು ಬೀಳಿಸುತ್ತಾರೆ. ನನ್ನ ತಂಗಿಯ ಮನೆಯಲ್ಲಿ ಹಾಗೇ ಆಯಿತು, ಟ್ವೀಟರ್ (ಚೂಪು ಶಬ್ದ ನುಡಿಸುವ ಸಣ್ಣ ಭಾಗ) ಒಳಗೆ ಹೋಯಿತು. ಟವರ್ ಆದರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ.

ಕದ್ರಿ ಗುಡ್ಡೆ:

ಸ್ಟ್ಯಾಂಡ್‌ನ ಮಾತು ಸರಿ, ಒಪ್ಪುತ್ತೇನೆ. ಹಾಡು ಮಾತ್ರ ಕೇಳುವವರಿಗೆ, ಸಬ್ ಇಲ್ಲದವರಿಗೆ ಟವರ್ ಚೆನ್ನಾಗಿಯೇ ಇದೆ.

ಆದರೆ ಇವರ ಹತ್ತಿರ ಸಬ್ ಉಂಟು. ರಿಸೀವರ್‌ನಲ್ಲಿ ಮುಂದಿನ ಸ್ಪೀಕರ್‌ಗಳನ್ನು ಸ್ಮಾಲ್ ಅಂತ ಹಾಕಿ, ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಟ್ಟರೆ ಅದಕ್ಕಿಂತ ಕೆಳಗಿನ ಶಬ್ದ ಎಲ್ಲ ಸಬ್‌ಗೆ ಹೋಗುತ್ತದೆ. ಹೆಚ್ಚಿನವರು ಶುರು ಮಾಡುವುದು ಆ 80ರಿಂದಲೇ. ಆಗ ಟವರ್‌ನ ದೊಡ್ಡ ಪೆಟ್ಟಿಗೆ, ಎರಡನೇ ಊಫರ್ (ಬಾಸ್ ನುಡಿಸುವ ದೊಡ್ಡ ಭಾಗ) ಇದಕ್ಕೆಲ್ಲ ಕೊಟ್ಟ ದುಡ್ಡು ಸಿನಿಮಾ ನೋಡುವಾಗ ಅರ್ಧ ಸುಮ್ನೆ ಕೂತಿರುತ್ತದೆ. 35 ಸಾವಿರದಲ್ಲಿ ಟವರ್ ತಂದರೆ ಸೆಂಟರ್‌ಗೆ ಏನು ಉಳಿಯುತ್ತದೆ ಹೇಳಿ. ಟವರ್‌ನ ಪಕ್ಕ ಆ 3 ಓಮ್‌ನ ಪ್ಲಾಸ್ಟಿಕ್ ಸೆಂಟರ್ ಇಟ್ಟರೆ ಹಾಡು ಭರ್ಜರಿಯಾಗಿ ಕೇಳುತ್ತದೆ, ಮಾತು ಮಾತ್ರ ಡಬ್ಬಿಯೊಳಗಿಂದ ಬಂದ ಹಾಗೆ. ಅಮ್ಮನ ಪ್ರಶ್ನೆ ಅಲ್ಲೇ ಉಳಿಯಿತಲ್ಲ.

ನಾನು ಹೇಳುವುದು ಇಷ್ಟೇ. ಒಂದು ಜೊತೆ ಬುಕ್‌ಶೆಲ್ಫ್, 5 ಅಥವಾ 6 ಇಂಚಿನ ಊಫರ್ ಇರುವುದು. ಅದೇ ಕಂಪನಿಯ ಅದೇ ಸರಣಿಯ ಸೆಂಟರ್. ಮೂರೂ ಒಟ್ಟಿಗೆ ತನ್ನಿ. ಒಂದೇ ಸರಣಿ ಯಾಕೆಂದರೆ ಮೂರರ ಟ್ವೀಟರ್, ಊಫರ್ ಒಂದೇ ಜಾತಿಯದ್ದಿರುತ್ತದೆ. ಪರದೆಯ ಎಡದಿಂದ ಬಲಕ್ಕೆ ಒಬ್ಬ ಮಾತಾಡುತ್ತಾ ನಡೆದರೆ ಅವನ ದನಿ ನಡುವಿನಲ್ಲಿ ಬೇರೆಯವರದ್ದಾಗಬಾರದು. ಹಿಂದಿನ ಎರಡು ಸರೌಂಡ್ ಸ್ಪೀಕರ್ ಬೇರೆ ಕಂಪನಿಯದ್ದಾದರೆ ಅಷ್ಟು ಗೊತ್ತಾಗುವುದಿಲ್ಲ.

ಮಲ್ಪೆ ಗಾಳಿ:

ಇಲ್ಲಿಯವರೆಗೆ ಯಾರೂ ನಮ್ಮ ಕರಾವಳಿಯ ಮಳೆ, ಉಪ್ಪಿನ ಗಾಳಿ ಬಗ್ಗೆ ಮಾತಾಡಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನವರ ವಿಡಿಯೋ ನೋಡಿ ಸ್ಪೀಕರ್ ತಂದರೆ ಈ ವಿಷಯ ಅದರಲ್ಲಿ ಇರುವುದೇ ಇಲ್ಲ.

ನನ್ನ ಹತ್ತಿರ ಒಂದು ಜೊತೆ ಹಳೆ ಸ್ಪೀಕರ್ ಇತ್ತು, ಪ್ರೀತಿಯಿಂದ ಇಟ್ಟುಕೊಂಡಿದ್ದೆ. ಒಂದು ಆಗಸ್ಟ್‌ನಲ್ಲಿ ಬಾಸ್ ಬರುವಾಗ ಪರಪರ ಅಂತ ಶಬ್ದ ಶುರುವಾಯಿತು. ಎದುರಿನ ಬಟ್ಟೆ ತೆಗೆದು ನೋಡಿದೆ. ಕೋನ್‌ನ ಸುತ್ತ ಇರುವ ಉಂಗುರ ಫೋಮಿನದ್ದು. ಬೆರಳು ತಾಗಿಸಿದ್ದಷ್ಟೇ, ಹುಡಿ ಹುಡಿಯಾಗಿ ಬೆರಳಿಗೆ ಅಂಟಿಕೊಂಡು ಬಂತು, ಕಪ್ಪಗೆ, ಅಂಟಂಟು. ಇನ್ನೊಂದು ಕಡೆಯಲ್ಲಿ ಆಗಲೇ ಅರ್ಧ ಉದುರಿತ್ತು. ಫೋಮ್ ವಯಸ್ಸಾದ ಹಾಗೆ ಹಾಳಾಗುತ್ತದೆ, ತೇವದಲ್ಲಿ ಬೇಗ. ಹಾಗಾಗಿ ತೆಗೆದುಕೊಳ್ಳುವಾಗ ಆ ಉಂಗುರ ರಬ್ಬರಿನದ್ದಾ ಅಂತ ಮುಟ್ಟಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಕಡ್ಡಾಯ.

ಪೆಟ್ಟಿಗೆಗಳೆಲ್ಲ ಹೆಚ್ಚಾಗಿ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ನೆಲ ಒರೆಸುವ ನೀರು ತಳಕ್ಕೆ ತಾಗುತ್ತಾ ಇದ್ದರೆ ಅಂಚು ಉಬ್ಬುತ್ತದೆ, ಆಮೇಲೆ ಸರಿಯಾಗುವುದಿಲ್ಲ. ಟವರ್ ತೆಗೆದುಕೊಳ್ಳುವವರು ಕೆಳಗೆ ಒಂದು ಇಂಚಾದರೂ ಎತ್ತರದ ರಬ್ಬರ್ ಕಾಲು ಹಾಕಿ. ಬರಿ ತಾಮ್ರದ ತುದಿ ಟರ್ಮಿನಲ್‌ನಲ್ಲಿ ಹಾಗೇ ಬಿಟ್ಟರೆ ಎರಡು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಅಷ್ಟು ಕತ್ತರಿಸಿ ಹೊಸ ತುದಿ ಸುಲಿದು ಹಾಕುತ್ತೇನೆ. ಮಳೆಗಾಲದಲ್ಲಿ ಸೆಟ್ ಮುಚ್ಚಿಡಬೇಡಿ. ದಿನಾ ಒಂದು ಗಂಟೆ ಆನ್ ಮಾಡಿ, ಆ ಬಿಸಿಯೇ ಒಳಗಿನ ತೇವ ಓಡಿಸುತ್ತದೆ.

ಏಪ್ರಿಲ್ ಮೇ ತಿಂಗಳ ಸಿಡಿಲು, ಮತ್ತೆ ಅಕ್ಟೋಬರ್‌ನದ್ದು, ಆಗ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಮನೆಯಲ್ಲಿ ಪ್ಲಗ್ ಕಿತ್ತಿದ್ದೆವು, ಕೇಬಲ್ ಟಿವಿಯ ವಯರ್ ಬಿಟ್ಟಿದ್ದೆವು. ಅದರಿಂದ ಬಂದು ಟಿವಿ ಮತ್ತು ರಿಸೀವರ್‌ನ ಎಚ್‌ಡಿಎಂಐ ಎರಡೂ ಹೋಯಿತು.

ಕುಂಜಿಬೆಟ್ಟು ಹೊಸಬ:

ಮಲ್ಪೆಯವರೇ, ನಿಮ್ಮದು ಓದಿ ಕೂಡಲೇ ಎದ್ದು ಹೋಗಿ ಸಬ್‌ನ ಉಂಗುರ ಮುಟ್ಟಿದೆ. ರಬ್ಬರ್! ನೆಮ್ಮದಿ.

ಸೆಂಟರನ್ನು ಶೋಕೇಸಿನಿಂದ ಹೊರಗೆ ತಂದು ಟಿವಿ ಎದುರಿನ ಅಂಚಿಗೆ ಇಟ್ಟೆ, ವಾಲ್ಯೂಮ್ ಸಣ್ಣಕ್ಕೆ ಇಟ್ಟು ಅಮ್ಮನನ್ನು ಕರೆದೆ. ಸಿನಿಮಾ ಹಾಕಲಿಲ್ಲ. ಯೂಟ್ಯೂಬ್‌ನಲ್ಲಿ ಒಂದು ತಾಳಮದ್ದಳೆ ಹಾಕಿದೆ, ಅದರಲ್ಲಿ ಮಾತೇ ಎಲ್ಲ ಅಲ್ವಾ. ಅಮ್ಮ ಹತ್ತು ನಿಮಿಷ ಸುಮ್ಮನೆ ಕೇಳಿದರು. ಒಂದು ಸಲವೂ "ಎಂತ ಹೇಳಿದ" ಅಂತ ಕೇಳಲಿಲ್ಲ. ಬಾಗಿಲ ಹಿಂದಿನಿಂದ ಹೊರಗೆ ತಂದದ್ದಕ್ಕೇ ಇಷ್ಟು ವ್ಯತ್ಯಾಸ ಅಂತ ನಾನು ಎಣಿಸಿರಲಿಲ್ಲ. ಆದರೆ ಭಾಗವತರ ಪದ್ಯ ಶುರುವಾದ ಮೇಲೆ ಚೆಂಡೆ ತುಂಬಾ ಚುಚ್ಚುತ್ತದೆ, ಕಿವಿ ನೋಯುತ್ತದೆ. ಅದು ಸ್ಪೀಕರ್‌ನ ದೋಷವಾ?

ಕದ್ರಿ ಗುಡ್ಡೆ:

ತಾಳಮದ್ದಳೆ ಹಾಕಿದ್ದು ಬಹಳ ಒಳ್ಳೆಯ ಕೆಲಸ. ನಾನೂ ಯಾವ ಸ್ಪೀಕರ್ ನೋಡಲು ಹೋದರೂ ಅರ್ಥಗಾರಿಕೆಯ (ಪಾತ್ರಧಾರಿಯ ಮಾತಿನ) ಒಂದು ತುಣುಕು, ಚೆಂಡೆಯ ಒಂದು ತುಣುಕು ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ. ಅಂಗಡಿಯವರು ಹಾಕುವ ಸ್ಫೋಟದ ಸೀನ್‌ನಲ್ಲಿ ಎಲ್ಲ ಸ್ಪೀಕರ್ ಚಂದವೇ. ನಿತ್ಯ ಕೇಳಿದ ದನಿಯಾದರೆ ಎಲ್ಲಿ ತಪ್ಪಿತು ಅಂತ ನಮಗೆ ಗೊತ್ತಾಗುತ್ತದೆ. ರೆಕಾರ್ಡಿಂಗ್ ಎರಡೇ ಚಾನೆಲ್‌ನದ್ದಾದರೆ ರಿಸೀವರ್‌ನಲ್ಲಿ ಸರೌಂಡ್ ಮೋಡ್ ಹಾಕಿ, ಎರಡೂ ಬದಿಯಲ್ಲಿ ಸಮ ಇರುವ ದನಿಯನ್ನು ಅದು ಸೆಂಟರ್‌ಗೆ ಕಳಿಸುತ್ತದೆ.

ಚೆಂಡೆ ಚುಚ್ಚುವುದಕ್ಕೆ ಸ್ವಲ್ಪ ಪ್ಲಾಸ್ಟಿಕ್ ಸ್ಪೀಕರ್ ಕಾರಣ. ಆದರೆ ನಿಮ್ಮ ಹಾಲ್ ಕೂಡ ಕಾರಣ ಅಂತ ನನಗೆ ಅನಿಸುತ್ತದೆ. ಹಾಲ್ ನಡುವಿನಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟ್ರಿಂಗ್ ಅಂತ ಒಂದು ಬಾಲ ಕೇಳಿದರೆ ಟೈಲ್ಸ್, ಬೋಳು ಗೋಡೆ, ಸ್ಲ್ಯಾಬ್ ಎಲ್ಲ ಶಬ್ದವನ್ನು ಚೆಂಡಿನ ಹಾಗೆ ಎಸೆಯುತ್ತಿವೆ ಅಂತ ಅರ್ಥ. ಮಾತಿನ ಅಕ್ಷರ ಒಂದರ ಮೇಲೆ ಒಂದು ಬಿದ್ದು ಮಸುಕಾಗುವುದೂ ಇದರಿಂದಲೇ. ಸೋಫಾ ಎದುರು ದಪ್ಪದ ಒಂದು ಕಾರ್ಪೆಟ್, ಕಿಟಕಿಗೆ ನೆರಿಗೆ ಜಾಸ್ತಿ ಇರುವ ಭಾರದ ಪರದೆ, ಸೋಫಾ ಹಿಂದಿನ ಗೋಡೆಗೆ ಪುಸ್ತಕದ ಶೆಲ್ಫ್. ಇಷ್ಟೇ ಸಾಕು. ಮೊಟ್ಟೆ ಟ್ರೇ ಅಂಟಿಸಬೇಡಿ, ಅದರಿಂದ ಹೆಚ್ಚೇನೂ ಆಗುವುದಿಲ್ಲ, ಬೆಂಕಿಗೂ ಅಪಾಯ.

ಕಾಪು ಹಂಚಿನ ಮನೆ:

ನಡುವೆ ಒಂದು ಪ್ರಶ್ನೆ. ನಮ್ಮದು ಅಜ್ಜನ ಕಾಲದ ಮನೆ, ಮಾಡಿನ ಮೇಲೆ ಈಗಲೂ ಬಾಸೆಲ್ ಮಿಷನ್ 1865 ಅಂತ ಅಚ್ಚು ಇರುವ ಹಂಚು ಕೆಲವು ಉಂಟು. ಮುರಕಲ್ಲಿನ ದಪ್ಪ ಗೋಡೆ, ರೆಡ್ ಆಕ್ಸೈಡ್ ನೆಲ. ಇಂಥಲ್ಲಿ ಹೋಮ್ ಥಿಯೇಟರ್ ಆಗುತ್ತದಾ?

ಸುರತ್ಕಲ್ ಬೀಚ್ ರೋಡ್:

ಧಾರಾಳ ಆಗುತ್ತದೆ. ಒಂದು ರೀತಿಯಲ್ಲಿ ಟೆರೇಸ್ ಮನೆಗಿಂತ ಒಳ್ಳೆಯದು. ಇಳಿಜಾರು ಮಾಡು, ಪಕ್ಕಾಸು, ರೀಪು, ಹಂಚಿನ ಸಂದು ಇವೆಲ್ಲ ಶಬ್ದವನ್ನು ಒಂದೇ ಕಡೆಗೆ ವಾಪಸ್ ಎಸೆಯುವುದಿಲ್ಲ, ಹಾಗಾಗಿ ಆ ಟ್ರಿಂಗ್ ಕಡಿಮೆ. ಬಾಸ್ ಮಾತ್ರ ಸಂದಿನಿಂದ ಹೊರಗೆ ಹೋಗುತ್ತದೆ, ಸಬ್ ಸ್ವಲ್ಪ ದೊಡ್ಡದು ಬೇಕಾದೀತು, ನೆರೆಮನೆಯವರಿಗೂ ಕೇಳುತ್ತದೆ. ಮತ್ತೆ ಜುಲೈಯಲ್ಲಿ ಮಳೆ ಬಿರುಸಾಗಿ ಹಂಚಿನ ಮೇಲೆ ಹೊಯ್ಯುವಾಗ ಯಾವ ಸ್ಪೀಕರ್ ಆದರೂ ಸಿನಿಮಾ ನಿಲ್ಲಿಸುವುದೇ.

ಹೊಸಬರಿಗೆ ಇನ್ನೊಂದು ಮಾತು. ಸ್ಪೀಕರ್ ಕಾಗದದಲ್ಲಿ ಸೆನ್ಸಿಟಿವಿಟಿ (ಒಂದು ವಾಟ್‌ಗೆ ಎಷ್ಟು ಜೋರು ನುಡಿಯುತ್ತದೆ) ಅಂತ ಒಂದು ಸಂಖ್ಯೆ ಇರುತ್ತದೆ, 86 ಡಿಬಿ, 89 ಡಿಬಿ ಹೀಗೆ. ಮೂರರ ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ 86ರ ಸ್ಪೀಕರ್‌ಗೆ 20 ವಾಟ್ ಬೇಕಾದಲ್ಲಿ 89ರದ್ದಕ್ಕೆ 10 ವಾಟ್ ಸಾಕು. ನಿಮ್ಮಂಥ ಶುರುವಿನ ರಿಸೀವರ್‌ಗೆ ಸೆನ್ಸಿಟಿವಿಟಿ ಜಾಸ್ತಿ ಇರುವುದು ಹಗುರ.

ವಯರ್‌ಗೆ ಜಾಸ್ತಿ ಖರ್ಚು ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂನ ಎರಡು ಎಳೆಯ ಫ್ಲೆಕ್ಸಿಬಲ್ ತಾಮ್ರದ ವಯರ್ ಕೇಳಿ, 10 ಮೀಟರ್‌ವರೆಗೆ ಚಿಂತೆ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಸ್ಪೀಕರ್ ವಯರ್ ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದದ್ದಿರಬಹುದು. ಒಂದು ಎಳೆಯನ್ನು ಬ್ಲೇಡ್‌ನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ನಮ್ಮ ಉಪ್ಪು ಗಾಳಿಗೆ ಅದು ಬೇಗ ಪುಡಿಯಾಗುತ್ತದೆ.

ಬಿಜೈ ಮ್ಯೂಸಿಕ್:

ಕದ್ರಿಯವರ ಲೆಕ್ಕ ಈಗ ಒಪ್ಪಿದೆ. ಅಮ್ಮನಿಗೆ ಮಾತು ಕೇಳಬೇಕು ಎನ್ನುವುದು ಮುಖ್ಯವಾದರೆ ಸೆಂಟರ್ ಮೊದಲು. ಸ್ಟ್ಯಾಂಡ್ ವಿಷಯಕ್ಕೆ ಒಂದು ಉಪಾಯ: ಇಲ್ಲಿ ಗ್ರಿಲ್ ಕೆಲಸದವರ ಹತ್ತಿರ ಕಬ್ಬಿಣದ್ದು ಮಾಡಿಸಿ, ಕೊಳವೆಯೊಳಗೆ ಒಣ ಮರಳು ತುಂಬಿಸಿ. ಭಾರಕ್ಕೆ ಬೀಳುವುದಿಲ್ಲ. ಟ್ವೀಟರ್ ನೀವು ಕೂತಾಗ ಕಿವಿಯ ಎತ್ತರಕ್ಕೆ ಬರಬೇಕು, ಅಳತೆ ಹಾಗೆ ಕೊಡಿ.

ಕುಂಜಿಬೆಟ್ಟು ಹೊಸಬ:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಎರಡು ಕಡೆ ಕೇಳಿ ನೋಡಿದೆ, ಪೆನ್‌ಡ್ರೈವ್‌ನಲ್ಲಿ ತಾಳಮದ್ದಳೆ ಒಯ್ದಿದ್ದೆ. ಒಂದು ಸ್ಪೀಕರ್‌ನಲ್ಲಿ ಅರ್ಥಧಾರಿಯ ದನಿ ಗಂಟಲು ಕಟ್ಟಿದ ಹಾಗೆ ಬಂತು, ಇನ್ನೊಂದರಲ್ಲಿ ಎದುರಲ್ಲೇ ಕೂತು ಮಾತಾಡಿದ ಹಾಗೆ. ಆ ಎರಡನೆಯದ್ದರ ಬುಕ್‌ಶೆಲ್ಫ್ ಜೊತೆ ಮತ್ತು ಸೆಂಟರ್ ತಂದೆ, 6 ಓಮ್, 88 ಡಿಬಿ, ರಬ್ಬರ್ ಉಂಗುರ. ವಯರ್ ಎಲ್ಲ ಸೇರಿ 33 ಸಾವಿರ ಆಯಿತು.

ಸೆಂಟರನ್ನು ಶೋಕೇಸಿನ ಮೇಲೆ ಅಂಚಿಗೆ ಸರಿಯಾಗಿ ಇಟ್ಟು, ಹಿಂಬದಿ ತಗ್ಗಿಸಿ ಮುಖ ಸ್ವಲ್ಪ ಮೇಲೆ ನೋಡುವ ಹಾಗೆ ಮುಂಭಾಗಕ್ಕೆ ಎರಡು ರಬ್ಬರ್ ತುಂಡು ಕೊಟ್ಟಿದ್ದೇನೆ. ರಿಸೀವರ್ ಜೊತೆ ಬಂದಿದ್ದ ಮೈಕ್ ಸೋಫಾದಲ್ಲಿ ಕಿವಿಯ ಎತ್ತರಕ್ಕೆ ಇಟ್ಟು ರಿಸೀವರ್‌ನಿಂದಲೇ ಎಲ್ಲ ಸ್ಪೀಕರ್‌ನ ಶಬ್ದದ ಅಳತೆ ಮಾಡಿಸಿದೆ. ಆಮೇಲೆ ಸೆಂಟರ್ ಮಾತ್ರ 2 ಡಿಬಿ ಏರಿಸಿದೆ. ಸಬ್‌ನ ಜಾಗ ಹುಡುಕಲು ಅದನ್ನು ಸೋಫಾದ ಮೇಲಿಟ್ಟು ಹಾಡು ಹಾಕಿ ನಾನು ಗೋಡೆಯ ಬದಿಯಲ್ಲೇ ಮಂಡಿಯೂರಿ ಸುತ್ತಿದೆ. ಮೂಲೆಯಲ್ಲಿ ಬರೀ ಗುಂಯ್ ಅನ್ನುತ್ತಿತ್ತು, ಬಾಗಿಲಿನಿಂದ ಎರಡು ಅಡಿ ಈಚೆ ಒಂದು ಕಡೆ ಮದ್ದಳೆಯ ಪ್ರತಿ ಪೆಟ್ಟೂ ಬೇರೆ ಬೇರೆ ಕೇಳಿತು. ಅಲ್ಲೇ ಇಟ್ಟೆ. ಶೋಕೇಸಿನ ಗಾಜು ಈಗ ನಡುಗುವುದಿಲ್ಲ. ರಾತ್ರಿ ಮೆನುವಿನಲ್ಲಿ ಡೈನಾಮಿಕ್ ರೇಂಜ್ (ಸಣ್ಣ ಶಬ್ದಕ್ಕೂ ಜೋರು ಶಬ್ದಕ್ಕೂ ಇರುವ ಅಂತರ) ಕಡಿಮೆ ಮಾಡುತ್ತೇನೆ, ಫೈಟಿಂಗ್ ಬಂದರೂ ಅಪ್ಪ ಏಳುವುದಿಲ್ಲ.

ನಿನ್ನೆ ಅಮ್ಮ ಒಂದು ಸಿನಿಮಾ ಕೊನೆಯವರೆಗೆ ಕೂತು ನೋಡಿದರು. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳುವುದು ಗೊತ್ತಾಗುತ್ತಿಲ್ಲ.

ಈಗ ಹಿಂದಿನ ಎರಡು ಉಳಿದಿವೆ. ಹಳೆಯ 3 ಓಮ್‌ನದ್ದು ಸರೌಂಡ್‌ಗೆ ಮಾತ್ರ ಹಾಕಬಹುದಾ?

ಸುರತ್ಕಲ್ ಬೀಚ್ ರೋಡ್:

ಹಾಕಬೇಡಿ. ಅದೂ ಅದೇ ಆಂಪ್‌ನಿಂದಲೇ ಕರೆಂಟ್ ಎಳೆಯುವುದಲ್ವಾ. ಸದ್ಯಕ್ಕೆ ರಿಸೀವರ್‌ನಲ್ಲಿ ಸರೌಂಡ್ ಇಲ್ಲ ಅಂತ ಹಾಕಿ, ಆ ಶಬ್ದ ಮುಂದಿನ ಎರಡಕ್ಕೆ ಸೇರಿ ಬರುತ್ತದೆ, ಏನೂ ಕಳೆದುಹೋಗುವುದಿಲ್ಲ. ದುಡ್ಡು ಸೇರಿದಾಗ ಸಣ್ಣ ಬುಕ್‌ಶೆಲ್ಫ್ ಒಂದು ಜೊತೆ ತನ್ನಿ. ಸೋಫಾದ ಎರಡು ಬದಿಯಲ್ಲಿ, ನೀವು ಕೂತಲ್ಲಿಂದ ಸ್ವಲ್ಪ ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಎತ್ತರಕ್ಕೆ ಇರಲಿ.

ಮಲ್ಪೆ ಗಾಳಿ:

ಗೋಡೆಗೆ ಬ್ರಾಕೆಟ್ ಹಾಕುವುದಾದರೆ ಒಂದು ಜಾಗ್ರತೆ. ಮುರಕಲ್ಲಿನ ಗೋಡೆಯಲ್ಲಿ ಸ್ಕ್ರೂ ಹಿಡಿಯಲು ಹಾಕುವ ಸಾಮಾನ್ಯ ಸಣ್ಣ ಪ್ಲಗ್ ನಿಲ್ಲುವುದಿಲ್ಲ, ಕಲ್ಲು ತೂತು ತೂತಾಗಿರುತ್ತದೆ, ಡ್ರಿಲ್ ಮಾಡುವಾಗಲೇ ಕೆಂಪು ಹುಡಿ ಉದುರಿ ತೂತು ದೊಡ್ಡದಾಗುತ್ತದೆ. ಉದ್ದದ ಪ್ಲಗ್ ಹಾಕಿ, ಸಿಮೆಂಟ್ ತುಂಬಿ ಎರಡು ದಿನ ಬಿಟ್ಟು ಸ್ಕ್ರೂ ಮಾಡಿ. ಪಡುಗೋಡೆ ಬೇಡ. ಮಳೆಗಾಲದಲ್ಲಿ ಅದೇ ಮೊದಲು ಒದ್ದೆಯಾಗುವುದು.

ಕುಂಜಿಬೆಟ್ಟು ಹೊಸಬ:

ನಮ್ಮ ಸೋಫಾ ಇರುವುದೇ ಪಡುಗೋಡೆಗೆ ತಾಗಿ. ಹಾಗಾದರೆ ಸರೌಂಡ್‌ಗೆ ಬ್ರಾಕೆಟ್ ಬೇಡ, ಗ್ರಿಲ್‌ನವರ ಹತ್ತಿರ ಇನ್ನೆರಡು ಸ್ಟ್ಯಾಂಡ್ ಹೇಳಿ ಬರುತ್ತೇನೆ. ಸೋಫಾವನ್ನೂ ಭಾನುವಾರ ಎರಡು ಅಡಿ ಮುಂದಕ್ಕೆ ಎಳೆಯುತ್ತೇವೆ, ಅಪ್ಪ ಒಪ್ಪಿದ್ದಾರೆ.